ಒದಗುವ ಅಕ್ಕಿ

ಅಕ್ಕಿಯ ಡಬ್ಬಿಯನ್ನು ಎರಡೂ ಕೈಯಿಂದ ತಬ್ಬಿ ಎತ್ತಿ ಅವಳು ಹಾಗೇ ದೊಡ್ಡ ಪಾತ್ರೆಗೆ ಬಗ್ಗಿಸಿದಳು. ಡಬ್ಬಿಯೊಳಗಿದ್ದ ಅಳತೆಯ ಲೋಟ ಅಕ್ಕಿಯ ಜೊತೆಗೇ ಜಾರಿ ಬಂದು ಪಾತ್ರೆಯ ಅಂಚಿಗೆ ಬಡಿದು ಠಣ್ಣೆಂದಿತು. ಅಡುಗೆಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಂಡನ ಹೆಣ ಮನೆ ಬಿಟ್ಟು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ.

"ಅಮ್ಮಾ, ಏನ್ ಮಾಡ್ತಿದ್ದೀಯಾ?" ಮಗಳು ಬಂದು ಡಬ್ಬಿ ಹಿಡಿದುಕೊಂಡಳು. "ಅಳೀದೇ ಸುರೀತಿದ್ದೀಯಲ್ಲ!"

"ಇವತ್ತು ಅಳೀಬೇಡ ಕಣೇ. ಇಷ್ಟು ವರ್ಷ ಅಳೆದಿದ್ದು ಸಾಕು. ಇವತ್ತೊಂದಿನ ಮಿಗಲಿ, ಚೆಲ್ಲಲಿ, ಏನ್ ಬೇಕಾದ್ರೂ ಆಗ್ಲಿ."

"ಸುರಿಯೋದೇನೋ ಸುರೀಬಹುದು, ಬೇಯೋಕೆ ಜಾಗ ಬೇಡ್ವಾ? ಇರೋದ್ರಲ್ಲಿ ಇದೇ ದೊಡ್ಡ ಪಾತ್ರೆ. ನೀನು ಹೊರಗೆ ಹೋಗಿ ಕೂತ್ಕೋ. ಬಂದೋರೆಲ್ಲ ನಿನ್ನನ್ನೇ ಕೇಳ್ತಿದ್ದಾರೆ."

ಜಗಳ ಆಡುವಷ್ಟು ಬಲ ಅವಳ ತೋಳಿನಲ್ಲಿ ಇರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಕಳೆದ ದಿನಗಳ ದಣಿವು ಇನ್ನೂ ಸೊಂಟದಲ್ಲಿತ್ತು. ಅಳುವುದಕ್ಕೂ ಸುಸ್ತು. ಡಬ್ಬಿ ಬಿಟ್ಟುಕೊಟ್ಟಳು. ಮಗಳು ಸುರಿದ ಅಕ್ಕಿಯನ್ನೆಲ್ಲ ವಾಪಸು ತುಂಬಿ, ಲೋಟ ತೆಗೆದುಕೊಂಡು, ಅಪ್ಪ ಮಾಡುತ್ತಿದ್ದ ಹಾಗೆಯೇ ಹೆಬ್ಬೆರಳಿನಿಂದ ಲೋಟದ ಬಾಯಿ ಸವರಿ ಮಟ್ಟ ಮಾಡಿದಳು. ಸ್ಮಶಾನಕ್ಕೆ ಹೋದವರು, ಮನೆಯಲ್ಲಿ ಉಳಿದವರು ಎಂದು ತುಟಿಯಲ್ಲೇ ಎಣಿಸುತ್ತ ಒಂದೊಂದೇ ಲೋಟ ಹಾಕತೊಡಗಿದಳು.

"ಹೋಟೆಲಿಗೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತು ಅತ್ತಿಗೆ." ಈರುಳ್ಳಿ ಹೆಚ್ಚುತ್ತಿದ್ದ ನಾದಿನಿ ತಲೆಯೆತ್ತದೆ ಹೇಳಿದಳು. ಸತ್ತವನ ತಂಗಿ, ಬೆಳಗ್ಗೆಯಿಂದ ಅತ್ತು ಅತ್ತು ಅವಳ ದನಿ ಕಟ್ಟಿತ್ತು. "ಅಣ್ಣ ಇದ್ದಿದ್ರೆ ದುಂದು ಅಂತಿದ್ದ. ಈಗ ಯಾರು ಕೇಳ್ತಾರೆ?"

"ನಾನು ಖರ್ಚಿಗೆ ಹೆದರಿ ಬೇಡ ಅಂದಿದ್ದಲ್ಲ. ಹೋಟೆಲಿಂದು ಹೋಟೆಲಿಂದೇ. ನಮ್ಮಣ್ಣ ಈ ಮನೆ ಒಲೆ ಮೇಲೆ ಬೆಂದಿದ್ದನ್ನ ಉಣ್ಬೇಕು."

ನಾದಿನಿಯ ಚಾಕು ನಿಂತಿತು. "ಉಣ್ತಾರಾ?"

"ಗೊತ್ತಿಲ್ಲ. ಇವತ್ತು ಉಣ್ಣದಿದ್ರೆ ಇನ್ಯಾವತ್ತೂ ಉಣ್ಣಲ್ಲ."

ಮನೆಮಂದಿಗೆಲ್ಲ ಗೊತ್ತಿದ್ದ ವಿಷಯ ಅದು. ಲಾರಿ ಓಡಿಸುತ್ತಿದ್ದ ಅವಳ ಅಣ್ಣ ಈ ಮನೆಯಲ್ಲಿ ಅನ್ನ ಮುಟ್ಟದೆಯೇ ಮುದುಕನಾಗಿದ್ದ. ಬರುವುದು ಬಿಟ್ಟಿರಲಿಲ್ಲ. ತಾರಸಿ ಹಾಕುವಾಗ ಮರಳು ತಂದು ಸುರಿದವನು ಅವನೇ, ಅತ್ತೆ ಸತ್ತಾಗ ಹೆಗಲು ಕೊಟ್ಟವನೂ ಅವನೇ. ಬಂದರೆ ನೀರು ಕುಡಿಯುತ್ತಿದ್ದ. ತಟ್ಟೆ ಇಡುವ ಹೊತ್ತಿಗೆ ಸರಿಯಾಗಿ ಅವನಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

*

ಗಂಡ ಒಂದು ಕಾಲೇಜು ಹಾಸ್ಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅಕ್ಕಿ, ಬೇಳೆ, ಎಣ್ಣೆಯನ್ನು ಅಡುಗೆಯವರಿಗೆ ತೂಗಿ ಕೊಡುವುದು ಕೆಲಸ. ಹುಡುಗರು 'ತಕ್ಕಡಿ' ಎಂದು ಹೆಸರಿಟ್ಟರು. ಹೆಸರು ಹಾಸ್ಟೆಲಿನ ಗೇಟು ದಾಟಿ ಬೀದಿಗೆ ಬಂತು, ಬೀದಿಯಿಂದ ನೆಂಟರ ಬಾಯಿಗೆ ಬಂತು. ಆತ ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಂಡದ್ದು ಹೆಂಡತಿ.

ಮನೆಯನ್ನೂ ಆತ ಉಗ್ರಾಣದ ಹಾಗೇ ನಡೆಸಿದ. ಶನಿವಾರ ಸಂಜೆ ಅಡುಗೆಮನೆಯ ಕಪಾಟಿನ ಎದುರು ಕುರ್ಚಿ ಹಾಕಿಕೊಂಡು ಕೂರುವುದು. ಮೊದಲು ಮನೆಯಲ್ಲಿ ಏನಿದೆ ಎಂದು ನೋಡುವುದು, ಆಮೇಲೆ ವಾರಕ್ಕೆ ಏನಡುಗೆ ಎಂದು ಗೊತ್ತುಮಾಡುವುದು, ಅಂಗಡಿಯ ಮಾತು ಅದಾದ ಮೇಲೆ. "ಜನ ಅಂಗಡಿಗೆ ಹೋಗಿ ನಿಂತ್ಕೊಂಡು ಏನ್ ಬೇಕು ಅಂತ ಯೋಚಿಸ್ತಾರೆ, ಅಲ್ಲೇ ಟೋಪಿ ಬೀಳೋದು" ಎನ್ನುತ್ತಿದ್ದ. ತಂದ ಸಾಮಾನಿನಲ್ಲಿ ಹಳೆಯದು ಮುಂದೆ, ಹೊಸದು ಹಿಂದೆ. ಸೋಮವಾರ ಹೆಚ್ಚಿದ ಕೋಸಿನ ಇನ್ನರ್ಧ ಬುಧವಾರಕ್ಕೆ. ಸೊಪ್ಪು ಒಂದು ದಿನಕ್ಕೆ, ಅದರ ದಂಟು ಮರುದಿನದ ಬೇಳೆಗೆ. ಮಾರ್ಕೆಟ್ಟಿಗೆ ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಲೇಬೇಕು. ಹಸಿದುಕೊಂಡು ಹೋದವನಿಗೆ ಕಂಡದ್ದೆಲ್ಲ ಬೇಕು ಅನ್ನಿಸುತ್ತದಂತೆ. ಹೋಗುತ್ತಿದ್ದದ್ದೂ ಅಂಗಡಿ ಎತ್ತುವ ಹೊತ್ತಿಗೆ. ಆಗ ಮಾರುವವರಿಗೂ ಮನೆ ಸೇರುವ ಆತುರ, ಬುಟ್ಟಿ ಖಾಲಿಯಾದರೆ ಸಾಕಾಗಿರುತ್ತದೆ. ಎಳೆಯ ಬದನೆ ಇನ್ನೊಬ್ಬರ ಮನೆಗೆ, ಸ್ವಲ್ಪ ಬಾಡಿದ್ದು ತಕ್ಕಡಿಯ ಚೀಲಕ್ಕೆ.

ಅತ್ತೆಯ ಔಷಧಿ, ಮಗಳ ಓದು, ತಲೆಯ ಮೇಲಿನ ತಾರಸಿ ಎಲ್ಲ ಆ ಕಪಾಟಿನಿಂದಲೇ ಹುಟ್ಟಿದ್ದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಬೇಸರ ಬಿಡುತ್ತದೆಯೇ? ಬೆಳಗ್ಗೆ ಅವಳು ಏಳುವಷ್ಟರಲ್ಲಿ ಮಧ್ಯಾಹ್ನದ ಅಕ್ಕಿ ಅಳತೆಯಾಗಿ ಕಟ್ಟೆಯ ಮೇಲೆ ಕೂತಿರುತ್ತಿತ್ತು. ಸಂಜೆ ಆತ ಕೆಲಸದಿಂದ ಬಂದು ರಾತ್ರಿಯದ್ದು ಅಳೆದಿಡುತ್ತಿದ್ದ. ತೊಳೆದು ಬೇಯಿಸುವುದಷ್ಟೇ ಅವಳ ಪಾಲು. ಯಾರಿಗೂ ಕಮ್ಮಿ ಬೀಳುತ್ತಿರಲಿಲ್ಲ, ಒಂದಗುಳೂ ಮಿಗುತ್ತಿರಲಿಲ್ಲ. "ಈ ಮನೇಲಿ ಹಸಿವಾಗ್ಬೇಕಾದ್ರೂ ಮೊದ್ಲೇ ಅರ್ಜಿ ಹಾಕ್ಬೇಕು" ಎಂದು ಅವಳು ಪಾತ್ರೆ ಕುಕ್ಕುತ್ತಿದ್ದಳು.

ಬಹಳ ವರ್ಷಗಳ ಹಿಂದಿನ ಒಂದು ಭಾನುವಾರ, ಊಟ ಮುಗಿದು ತಟ್ಟೆಗಳನ್ನು ತೊಳೆದೂ ಆಗಿತ್ತು. ಬೀದಿಯ ಕೊನೆಯಲ್ಲಿ ಲಾರಿ ನಿಲ್ಲಿಸಿ ಅಣ್ಣ ಬಂದ. ಬಾಗಿಲಲ್ಲೇ ಕೂಗು. "ಪುಟ್ಟೀ, ಹಸಿದು ಸಾಯ್ತಿದ್ದೀನಿ. ನಿನ್ನ ಕೈ ಊಟಾನೇ ಮಾಡೋಣ ಅಂತ ದಾರೀಲಿ ಎಲ್ಲೂ ನಿಲ್ಲಿಸ್ಲಿಲ್ಲ ನೋಡು." ಕೈ ತೊಳೆದು ಬಂದು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೇಬಿಟ್ಟ. ಅವನು ಉಣ್ಣಲು ಕೂತರೆ ಬಡಿಸುವವರ ಕೈ ಸೋಲಬೇಕು, ಅಂಥ ಆಳು.

ಅವಳು ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದಳು, ಮುಚ್ಚಿದಳು, ಇನ್ನೊಮ್ಮೆ ತೆಗೆದಳು. "ಈಗ ಇಡ್ತೀನಿ ಅಣ್ಣ, ಒಂದೇ ಗಳಿಗೆ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗಂಡನ ಮಾತು ಕೇಳಿಸಿತು.

"ಹೇಳಿ ಬಂದಿದ್ರೆ ಅಳತೆಗೆ ಸೇರಿಸ್ತಿದ್ದೆ ಭಾವ."

ಆತ ಅಂದದ್ದು ಅಷ್ಟೇ. ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಾಸ್ಟೆಲಿನಲ್ಲಿ ಅಡುಗೆಯವರಿಗೆ ಹೇಳುವ ಹಾಗೆಯೇ ಹೇಳಿದ್ದ.

"ಅಯ್ಯೋ, ಬಿಡಿ ಭಾವ, ನಾನು ದಾರೀಲಿ ತಿಂದೆ" ಎಂದ ಅಣ್ಣ. ತೊಳೆದ ಕೈ ಇನ್ನೂ ಒದ್ದೆ ಇತ್ತು. ಅದನ್ನು ಅಂಗಿಗೆ ಒರೆಸಿಕೊಂಡು ನಗುತ್ತಲೇ ಎದ್ದ. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಲಾರಿ ಹೊರಟ ಸದ್ದು ಕೇಳಿಸಿತು.

*

ಮಧ್ಯಾಹ್ನ ಇಳಿಯುವಾಗ ಸ್ಮಶಾನಕ್ಕೆ ಹೋದವರು ವಾಪಸಾದರು. ವ್ಯಾನಿನಿಂದ ಒಬ್ಬೊಬ್ಬರೇ ಸೊಂಟ ಹಿಡಿದುಕೊಂಡು ಇಳಿದರು. ವ್ಯಾನು ಓಡಿಸುತ್ತಿದ್ದವನು ಅಣ್ಣನೇ. ಅವಳು ಬಾಗಿಲಿಗೆ ಬಂದು ಅವನ ಕಡೆ ನೋಡಿದಳು. ಅವನು ಕಿಟಕಿಯಿಂದ ಕೈಯೆತ್ತಿ ಏನೋ ಹೇಳಿದ. ವ್ಯಾನು ತಿರುಗಿಸಿಕೊಂಡು ಹೊರಟೇಹೋದ.

"ಎಲ್ಲಿಗೆ ಹೋದ?"

"ವ್ಯಾನು ಯಾರೋ ಗೆಳೆಯಂದಂತೆ, ಬಿಟ್ಟು ಬರ್ತೀನಿ ಅಂದ್ರು" ಎಂದ ದಿನಸಿ ಅಂಗಡಿಯವನು. ಅವನೂ ಹೋಗಿ ಬಂದಿದ್ದ. ಬಾಗಿಲ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಮಣ್ಣು ಕೊಡವುತ್ತಿದ್ದ.

ಬಂದ ಹಾಗೇ ಇದೆ, ಎಂದುಕೊಂಡಳು ಅವಳು. ಮರಳು ತಂದ ದಿನವೂ ಅವನು ಲಾರಿ ಬಿಟ್ಟು ಬರ್ತೀನಿ ಅಂತಲೇ ಹೋಗಿದ್ದ. ಹೋಗಿ ಅಂಗಡಿಯವನ ಪಕ್ಕದ ಮೆಟ್ಟಿಲ ಮೇಲೆಯೇ ಕೂತಳು.

ಅಂಗಡಿಯವನು ಚಪ್ಪಲಿ ಬದಿಗಿಟ್ಟು ತನಗೆ ಗೊತ್ತಿದ್ದ ವಿಷಯಕ್ಕೇ ಬಂದ. "ಇನ್ನು ನನ್ನ ಅಕ್ಕಿ ಮೇಲೆ ಜಗಳ ಆಡೋರು ಯಾರಮ್ಮಾ? ಊರಿನವರೆಲ್ಲ ಅಕ್ಕಿ ಒದಗಲ್ಲ ಅಂತ ಬೈತಾರೆ. ಜಾಸ್ತಿ ಒದಗತ್ತೆ ಅಂತ ಬೈದಿರೋರು ನೀವೊಬ್ರೇ."

"ಒದಗತ್ತಲ್ಲ ಮತ್ತೆ. ದಿನಾ ಮಿಗತ್ತೆ."

"ನಿಮ್ಮ ಮನೇಲಿ ಮಾತ್ರ ಮಿಗತ್ತಮ್ಮ. ಅದೇ ಮೂಟೆ ಅಕ್ಕಿ ನಮ್ಮ ಮನೇಲಿ ಸಾಲಲ್ಲ. ನಮ್ಮವಳು ನನ್ನನ್ನ ಬೈತಾಳೆ." ಅವನು ನಗಲು ಹೋಗಿ, ಸಾವಿನ ಮನೆ ಎಂದು ನೆನಪಾಗಿ, ನಗುವನ್ನು ಕೆಮ್ಮಾಗಿ ಮಾಡಿಕೊಂಡ.

*

ಈ ಅಂಗಡಿಯಲ್ಲಿ ಅಕ್ಕಿ ಕೊಳ್ಳಲು ಶುರುಮಾಡಿದ್ದು ಅಣ್ಣ ಎದ್ದು ಹೋದ ಆ ದಿನಗಳಲ್ಲೇ. ಗಂಡನ ಜೊತೆ ಅವಳು ಮಾತು ಬಿಟ್ಟಿದ್ದಳು. ಆಗಲೇ ಮಧ್ಯಾಹ್ನದ ಅನ್ನ ಮಿಗತೊಡಗಿತು. ಅಂದಾಜು ಒಬ್ಬರಿಗಾಗುವಷ್ಟು. ಮೊದಲ ದಿನ ಯಾರೋ ಸರಿಯಾಗಿ ಉಂಡಿಲ್ಲ ಎಂದುಕೊಂಡಳು. ಎರಡನೆಯ ದಿನವೂ ಮಿಕ್ಕಿತು, ಆಮೇಲೆ ದಿನವೂ ಮಿಕ್ಕಿತು. ತಕ್ಕಡಿಯ ಅಳತೆ ತಪ್ಪುವುದುಂಟೇ? ಸೂರ್ಯ ತಪ್ಪಿದರೂ ಅದು ತಪ್ಪದು. ಅಂದಮೇಲೆ ತಪ್ಪು ಅಕ್ಕಿಯದೇ.

"ಈ ಹೊಸ ಅಂಗಡಿ ಅಕ್ಕಿ ಯಾಕೋ ಜಾಸ್ತಿ ಒದಗತ್ತೆ" ಎಂದಳು ಒಂದು ದಿನ. ಬಹಳ ದಿನದ ಮೇಲೆ ಗಂಡನಿಗೆ ಆಡಿದ ಮೊದಲ ಮಾತು ಅದು.

"ಇರಬಹುದು" ಎಂದ ಆತ.

"ಹಾಗಾದ್ರೆ ನಾಳೆಯಿಂದ ಒಂದು ಲೋಟ ಕಮ್ಮಿ ಹಾಕಿ."

"ನೋಡೋಣ" ಎಂದ. ಕಮ್ಮಿ ಹಾಕಲಿಲ್ಲ. ಮಿಕ್ಕ ಅನ್ನವನ್ನು ತನ್ನ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಡು ಎಂದ. ರಾತ್ರಿ ಉಳಿದವರೆಲ್ಲ ಬಿಸಿಬಿಸಿ ಉಣ್ಣುವಾಗ ಆತ ಮಾತ್ರ ಡಬ್ಬಿ ತೆಗೆದು ತಣ್ಣನೆಯ ಅನ್ನಕ್ಕೆ ಬೇಳೆ ಸುರಿದುಕೊಳ್ಳುತ್ತಿದ್ದ. ಅವಳಿಗೆ ನೋಡಿ ನೋಡಿ ಮೈ ಉರಿಯುತ್ತಿತ್ತು. ಒಂದು ತುತ್ತು ಹಾಳಾಗುತ್ತದೆಂದು ದಿನವೂ ತಂಗಳು ತಿನ್ನುವ ಜಿಪುಣ! ಆ ಕೋಪವನ್ನು ಆತನ ಮೇಲೆ ತೀರಿಸಿಕೊಳ್ಳಲಾರದೆ ಅಂಗಡಿಯವನ ಮೇಲೆ ತೀರಿಸಿಕೊಂಡಳು. ಅಕ್ಕಿ ಬದಲಾಯಿಸಿ ನೋಡಿದಳು, ದಪ್ಪದ್ದು ತಂದಳು, ಸಣ್ಣದ್ದು ತಂದಳು. ಯಾವುದು ತಂದರೂ ಒದಗುತ್ತಿತ್ತು.

*

ಬಂದವರು ಕೈಕಾಲು ತೊಳೆದು ಕೂರುವಷ್ಟರಲ್ಲಿ ಮನೆಯ ಮುಂದೆ ಇನ್ನೆರಡು ಕಾರು ನಿಂತವು. ತಲೆ ನರೆತ, ಹೊಟ್ಟೆ ಬಂದ ಗಂಡಸರು ಇಳಿದರು. ಹಿಂದೆ ಹಾಸ್ಟೆಲಿನಲ್ಲಿದ್ದವರಂತೆ. ಸುದ್ದಿ ತಡವಾಗಿ ಮುಟ್ಟಿ, ಸೀದಾ ಸ್ಮಶಾನಕ್ಕೆ ಹೋಗಿ, ಅಲ್ಲಿ ಎಲ್ಲ ಮುಗಿದಿದ್ದು ಕಂಡು ಇಲ್ಲಿಗೆ ಬಂದಿದ್ದರು. ಮಗಳು ಅಡುಗೆಮನೆಯ ಬಾಗಿಲಿನಿಂದ ಅವರನ್ನು ನೋಡಿ ತುಟಿ ಕಚ್ಚಿಕೊಂಡಳು. ಅವರ್‍ಯಾರೂ ಎಣಿಕೆಯಲ್ಲಿರಲಿಲ್ಲ.

"ಊಟ ಮಾಡ್ಕೊಂಡೇ ಹೋಗ್ಬೇಕು" ಎಂದಳು ತಾಯಿ. ಹಟಕ್ಕೆ ಬಿದ್ದವಳ ಹಾಗೆ ಹೇಳಿದಳು.

ಬಡಿಸುವ ಮೊದಲು ಮಗಳು ಅಪ್ಪನ ಸ್ಟೀಲ್ ಡಬ್ಬಿಗೆ ಅನ್ನ ತುಂಬಿ, ಮುಚ್ಚಿ, ಕಪಾಟಿನಲ್ಲಿಟ್ಟಳು.

"ಯಾರಿಗೇ ಅದು? ಅವನೇ ಹೋದ್ನಲ್ಲೇ" ಎಂದಳು ನಾದಿನಿ, ಕಣ್ಣು ಒರೆಸಿಕೊಳ್ಳುತ್ತ.

"ಇರ್ಲಿ ಬಿಡಿ ಅತ್ತೆ" ಎಂದು ಮಗಳು ಪಾತ್ರೆ ಎತ್ತಿಕೊಂಡು ಹೋದಳು.

ಸ್ಮಶಾನದಿಂದಲೇ ತಮ್ಮ ಮನೆಗೆ ಹೋಗಿದ್ದವರ ಪಾಲಿನಲ್ಲಿ ಹಾಸ್ಟೆಲಿನವರು ಚೆನ್ನಾಗಿ ಉಂಡರು. ಉಣ್ಣುತ್ತ ನಡುನಡುವೆ ಮಾತು. "ಎರಡನೇ ಸಲ ಅನ್ನ ಕೇಳಿದ್ರೆ ತಕ್ಕಡಿ ಸಾರ್ ಕನ್ನಡಕದ ಮೇಲಿಂದ ನೋಡ್ತಿದ್ರು. ಕೊಡಿಸ್ತಿದ್ರು, ಇಲ್ಲ ಅನ್ಬಾರ್ದು. ಆದ್ರೆ ಆ ನೋಟ ಇದ್ಯಲ್ಲ!" ಒಬ್ಬ ನಕ್ಕ. ಇನ್ನೊಬ್ಬ ನಗಲು ಹೋಗಿ ಅತ್ತ. ಅವಳು ಕೈ ಬಿಚ್ಚಿ ಬಡಿಸಿದಳು. ಸಾಕು ಅಂದವರಿಗೂ ಬಡಿಸಿದಳು. ಎಲ್ಲರೂ ಉಂಡು, ಕೈತೊಳೆದು, ಒಬ್ಬೊಬ್ಬರಾಗಿ ಹೊರಟರು. ಅಂಗಡಿಯವನೂ ಅಂಗಡಿ ತೆಗೆಯಬೇಕೆಂದು ಎದ್ದ. ನಾದಿನಿ ಒಳಕೋಣೆಯಲ್ಲಿ ಕೂತ ಹಾಗೇ ನಿದ್ದೆ ಹೋದಳು.

ಮನೆ ಖಾಲಿಯಾದ ಮೇಲೆ ಅವಳು ಪಾತ್ರೆಗೆ ಸೌಟು ಹಾಕಿದಳು. ತಳ ಕೆರೆದ ಸದ್ದಾಯಿತು. ಬೇಳೆಯ ತಪ್ಪಲೆಯಲ್ಲಿ ಮಾತ್ರ ತಳದಲ್ಲಿ ಸ್ವಲ್ಪ ಉಳಿದಿತ್ತು.

"ಬೆಳಗ್ಗೆ ಬಡ್ಕೊಂಡೆ, ಸುರಿಯೇ ಸುರಿಯೇ ಅಂತ." ಅವಳು ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಹೋದ ಮೇಲೂ ಬಿಡ್ಲಿಲ್ಲ ನೋಡು ನಿಮ್ಮಪ್ಪನ ಅಳತೆ!"

ಮಗಳು ಏನಾದರೂ ಹೇಳುವ ಮೊದಲೇ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಅಣ್ಣ ಬಂದಿದ್ದ. ವ್ಯಾನು ಬಿಟ್ಟು ನಡೆದೇ ಬಂದಿದ್ದ. ಅಂಗಿಯ ಬೆನ್ನು ಬೆವರಿನಲ್ಲಿ ಒದ್ದೆಯಾಗಿತ್ತು. ಹಿಂದಿನ ಆಳು ಈಗ ಕರಗಿ ಅರ್ಧವಾಗಿದ್ದ. ಬಾಗಿಲ ಚೌಕಟ್ಟು ಹಿಡಿದು ನಿಂತು ಉಸಿರು ತೆಗೆದುಕೊಂಡ. ಕೈಯಲ್ಲಿ ಸೌಟು ಹಿಡಿದು ನಿಂತ ತಂಗಿಯನ್ನೂ ಬಾಯ್ದೆರೆದ ಪಾತ್ರೆಯನ್ನೂ ನೋಡಿದ.

"ಕೂತ್ಕೋ ಅಣ್ಣ. ಈಗ ಇಡ್ತೀನಿ, ಒಂದೇ ಗಳಿಗೆ."

"ಬಿಡು ಪುಟ್ಟಿ, ನೀನು ಸುಸ್ತಾಗಿದ್ದೀಯ. ನಾನು ದಾರೀಲಿ ತಿಂದೆ."

ಅದೇ ಮಾತು. ಅವಳು ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕುಸಿದಳು. ಬೆಳಗ್ಗೆಯಿಂದ ಬಾರದ ಅಳು ಈಗ ಬಂತು, ಗಂಡನಿಗಾಗಿಯೋ ಖಾಲಿ ಪಾತ್ರೆಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಮಗಳು ಕಪಾಟಿನಿಂದ ಸ್ಟೀಲ್ ಡಬ್ಬಿ ತೆಗೆದು ತಂದಳು. "ಮಾವ, ಇದು ನಿಮ್ದು."

"ಅದು ಭಾವಂದಲ್ವಾ?"

"ಡಬ್ಬಿ ಅಪ್ಪಂದು. ಅನ್ನ ನಿಮ್ದೇ. ದಿನಾ ಇರತ್ತಲ್ಲ." ಇಬ್ಬರೂ ತನ್ನನ್ನೇ ನೋಡುತ್ತಿದ್ದದ್ದು ಕಂಡು ಅವಳಿಗೆ ಗಲಿಬಿಲಿಯಾಯಿತು. "ಹೋದ ವರ್ಷ ಅಪ್ಪಂಗೆ ಕೈ ನಡುಗೋಕೆ ಶುರುವಾಯ್ತಲ್ಲ, ಆಗ ಲೋಟ ನನ್ನ ಕೈಗೆ ಕೊಟ್ರು. ಬೆಳಗ್ಗೆ ಮನೇವ್ರದ್ದೆಲ್ಲ ಹಾಕು, ಅದರ ಮೇಲೆ ಮಾವಂದು ಒಂದು ಹಾಕು ಅಂದ್ರು. ಮಾವ ಬಂದ್ರೆ ಉಣ್ತಾರೆ, ಬರ್ದಿದ್ರೆ ರಾತ್ರಿ ನಾನು ಉಣ್ತೀನಿ, ರಾತ್ರಿ ಅಳತೇಲಿ ನನ್ನ ಪಾಲು ಬಿಟ್ಬಿಡು, ಸರಿಹೋಗತ್ತೆ ಅಂದ್ರು. ಇವತ್ತು ನಿಮ್ಮನ್ನ ಎಲ್ರ ಜೊತೆ ಎಣಿಸಿದ್ದೆ ಮಾವ. ಆದ್ರೂ ಅಭ್ಯಾಸ ಅಲ್ವಾ, ಮೇಲೊಂದು ಹಾಕ್ಬಿಟ್ಟೆ."



"ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದಳು ತಾಯಿ.

"ನಿಂಗೆ ಗೊತ್ತು ಅಂದ್ಕೊಂಡಿದ್ದೆ. ದಿನಾ ಬೇಯ್ಸೋಳು ನೀನೇ ಅಲ್ವಾ ಅಮ್ಮ?"

"ಅಕ್ಕಿ ಒದಗತ್ತೆ ಅಂದ್ಕೊಂಡಿದ್ದೆ ಕಣೇ ನಾನು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಅಳುವಿನ ನಡುವೆ ನಗುವೂ ಬಂತು, ಸಿಟ್ಟೂ ಬಂತು. "ಪಾಪ, ಆ ಅಂಗಡಿಯವ್ರ ಜೊತೆ ಎಷ್ಟು ಜಗಳ ಆಡಿದ್ನೋ! ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಈ ಮನುಷ್ಯನ ಗಂಟೇನು ಹೋಗ್ತಿತ್ತು?"

ಅಣ್ಣ ಹೊರಗಿನ ನಲ್ಲಿಯಲ್ಲಿ ಕೈ ತೊಳೆದು ಬಂದ. ಗೋಡೆ ಹಿಡಿದು ನಿಧಾನಕ್ಕೆ ನೆಲದ ಮೇಲೆ ಕೂತ. ಮಗಳು ಡಬ್ಬಿಯ ಅನ್ನವನ್ನು ತಟ್ಟೆಗೆ ಬಗ್ಗಿಸಿದಳು. ತಣ್ಣಗಾಗಿದ್ದ ಅನ್ನ ಡಬ್ಬಿಯ ಆಕಾರದಲ್ಲೇ ಉಂಡೆಯಾಗಿ ಬಿತ್ತು. ಅದರ ಮೇಲೆ ಉಳಿದಿದ್ದ ಬೇಳೆ ಸುರಿದಳು. ಅವನು ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂತಿದ್ದ. ಆಮೇಲೆ ಬೆರಳಿನಿಂದ ಒಡೆದು ಕಲೆಸಿ ಉಣ್ಣತೊಡಗಿದ. ತಲೆಯೆತ್ತಲಿಲ್ಲ. ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ ತುತ್ತು ಸರಿಸಿಕೊಂಡು ಅಗಿದ. ಅವಳು ಎದುರಿಗೆ ಕೂತು ಪ್ರತಿಯೊಂದು ತುತ್ತನ್ನೂ ನೋಡಿದಳು.

ತಟ್ಟೆ ಖಾಲಿಯಾಯಿತು. ಅವನು ಕೊನೆಯ ಅಗುಳನ್ನೂ ಬೆರಳಿನಿಂದ ಒತ್ತಿ ತೆಗೆದು ಬಾಯಿಗಿಟ್ಟುಕೊಂಡ.

"ಪುಟ್ಟಿ."

"ಏನಣ್ಣ?"

"ಹೊಟ್ಟೆ ತುಂಬ್ಲಿಲ್ಲ ಕಣೇ."

ಅವಳು ಮಂಡಿಯ ಮೇಲೆ ಕೈಯೂರಿ ಎದ್ದಳು. ಒಲೆ ಹಚ್ಚಿ ನೀರಿಟ್ಟಳು. ಡಬ್ಬಿ ತೆಗೆದು, ಮೇಲಿದ್ದ ಲೋಟವನ್ನು ಪಕ್ಕಕ್ಕಿಟ್ಟು, ಬೊಗಸೆಯಿಂದ ಅಕ್ಕಿ ಹಾಕಿದಳು. ಇನ್ನೊಂದು ಬೊಗಸೆ ಹಾಕಿದಳು. ಮಗಳು ಈ ಸಲ ಡಬ್ಬಿ ಹಿಡಿಯಲು ಬರಲಿಲ್ಲ.

ನೀರು ಕುದಿಯಲು ಹೊತ್ತು ಹಿಡಿಯಿತು. ಅಣ್ಣ ತಟ್ಟೆಯ ಮುಂದೆ ಹಾಗೇ ಕೂತಿದ್ದ. ಬೇಳೆ ಮೆತ್ತಿದ ಅವನ ಬಲಗೈ ಒಣಗಿ ಬೆರಳುಗಳು ಬಿರುಸಾಗುತ್ತಿದ್ದವು. ಅವನು ಅದನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ. ಒರೆಸಿಕೊಳ್ಳಲಿಲ್ಲ, ತೊಳೆಯಲು ಏಳಲೂ ಇಲ್ಲ.